ಧೂಳು ತಿಂದದ್ದು ಸಾಕು, ರೇಸ್ ಕಾಣಲಿ

ಕೊಯ್ಲಾದ ಗದ್ದೆಯಲ್ಲೂ ಊರ ಮೈದಾನದಲ್ಲೂ ನಡೆಯುವ ಬೈಕ್ ಡರ್ಟ್ ರೇಸು ಒಂದು ಕಡೆ, ಮೊಬೈಲಿನಲ್ಲಿ ನೋಡುವ ಪೋಲೆಂಡ್, ಇಂಗ್ಲೆಂಡಿನ ಸ್ಪೀಡ್‌ವೇ (ಮಣ್ಣಿನ ಅಂಡಾಕಾರದ ಟ್ರ್ಯಾಕಿನಲ್ಲಿ ನಾಲ್ವರು ನಾಲ್ಕು ಸುತ್ತು ಓಡಿಸುವ ಬೈಕ್ ರೇಸ್) ಇನ್ನೊಂದು ಕಡೆ. ಎರಡರ ಬಗ್ಗೆಯೂ ಜಿಲ್ಲೆಯ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ. ಬಂದ ಪತ್ರಗಳಲ್ಲಿ ದೂರೇ ಹೆಚ್ಚು. ಬಹುಪಾಲು ನ್ಯಾಯವಾದ ದೂರು.

ಟಿಕೆಟ್ ಕೊಟ್ಟು ಒಳಗೆ ಹೋದರೆ ಮೊದಲ ಎರಡು ರೇಸಿನಲ್ಲಷ್ಟೇ ಬೈಕ್ ಕಂಡವು, ಆಮೇಲೆ ಬರೀ ಕೆಂಪು ಧೂಳು. ಕೇಳಿದರೆ ‘ಬೆಳಿಗ್ಗೆ ಟ್ಯಾಂಕರ್ ನೀರು ಹೊಡೆಸಿದ್ದೇವಲ್ಲ’ ಎಂಬ ಉತ್ತರ. ಸ್ಪೀಡ್‌ವೇ ಕೂಡ ಮಣ್ಣಿನ ಮೇಲೇ ಅಲ್ಲವೇ? ಅಲ್ಲಿ ಇಷ್ಟು ಧೂಳು ಏಕಿಲ್ಲ?
— ಓದುಗರು, ಕುಮಟಾ

ಟ್ಯಾಂಕರ್ ಬಂದದ್ದು ನಿಜವಿರಬಹುದು, ಆದರೆ ಲೆಕ್ಕ ಹಾಕಿ ನೋಡಿ. 300 ಮೀಟರ್ ಸುತ್ತಳತೆ, 10 ಮೀಟರ್ ಅಗಲದ ಟ್ರ್ಯಾಕ್ ಎಂದರೆ 3,000 ಚದರ ಮೀಟರ್. ಅದರ ಮೇಲೆ 1 ಮಿಲಿಮೀಟರ್ ನೀರು ಬೀಳಬೇಕೆಂದರೆ 3,000 ಲೀಟರ್ ಬೇಕು. 5,000 ಲೀಟರಿನ ಒಂದು ಟ್ಯಾಂಕರ್ ಪೂರ್ತಿ ಖಾಲಿ ಮಾಡಿದರೂ 2 ಮಿಲಿಮೀಟರ್ ಆಗುವುದಿಲ್ಲ. ಬೆಳಿಗ್ಗೆ ಹೊಡೆದ ಆ ನೀರು ಮಧ್ಯಾಹ್ನದ ಬಿಸಿಲು, ಗಾಳಿ, ಟಯರಿನ ಕೆರೆತ ಮೂರನ್ನೂ ತಡೆದುಕೊಳ್ಳುವುದು ಸಾಧ್ಯವೇ ಇಲ್ಲ.

ನೀರು ಕೊಡಬೇಕಾದದ್ದು ಹಿಂದಿನ ದಿನ ಸಂಜೆ. ಒಣಗಿದ ಮಣ್ಣು 5 ಸೆಂಟಿಮೀಟರ್ ಆಳದವರೆಗೆ ನೆನೆಯಲು ಸುಮಾರು 10 ಮಿಲಿಮೀಟರ್ ನೀರು ಬೇಕು. ಅಂದರೆ 30,000 ಲೀಟರ್, ಆರು ಟ್ಯಾಂಕರ್. ಅದನ್ನೂ ಒಮ್ಮೆಲೇ ಸುರಿಯಬಾರದು. ಗದ್ದೆಯ ಜೇಡಿಯ ಮೇಲೆ ಒಟ್ಟಿಗೆ ಬಿದ್ದ ನೀರು ಇಳಿಯುವುದಿಲ್ಲ, ತಗ್ಗಿಗೆ ಓಡಿ ಅಲ್ಲಿ ಕೆಸರು ಮಾಡುತ್ತದೆ, ಏರಿನ ಬದಿ ಒಣಗಿಯೇ ಉಳಿಯುತ್ತದೆ. ಮೂರು ಟ್ಯಾಂಕರ್ ಕೊಟ್ಟು, ಎರಡು ಮೂರು ಗಂಟೆ ಬಿಟ್ಟು ಮತ್ತೆ ಮೂರು ಕೊಡುವುದು ಸರಿ. ಬೆಳಿಗ್ಗೆ ಟ್ರ್ಯಾಕ್ಟರಿಗೆ ಹಲಗೆ ಕಟ್ಟಿ ಎಳೆದು, ರೋಲರ್ ಹೊಡೆದು ಬಿಡಬೇಕು.

ಹದ ನೋಡಲು ಯಂತ್ರ ಬೇಡ. ಟ್ರ್ಯಾಕಿನ ಮಣ್ಣು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆಯೇ ಆಗದಿದ್ದರೆ ಧೂಳು ಖಾತ್ರಿ. ಉಂಡೆಯಾಗಿ, ಸೊಂಟದ ಎತ್ತರದಿಂದ ಬಿಟ್ಟಾಗ ಒಡೆದು ಹೋಳಾದರೆ ರೇಸ್ ಶುರು ಮಾಡಬಹುದು. ಅಂಗೈಗೆ ಅಂಟಿದರೆ ಇನ್ನೂ ಒಂದು ಗಂಟೆ ಒಣಗಬೇಕು. ಟಿಕೆಟ್ ಕೊಳ್ಳುವ ಮುಂಚೆ ನೀವೇ ಈ ಪರೀಕ್ಷೆ ಮಾಡಿದರೂ ಯಾರೂ ಬೇಡ ಅನ್ನಲಾರರು.

ಸ್ಪೀಡ್‌ವೇ ಟ್ರ್ಯಾಕಿನ ಮೇಲ್ಪದರ ಶೇಲ್ ಕಲ್ಲಿನ ಅಥವಾ ಗ್ರಾನೈಟಿನ ಪುಡಿ. ನಮ್ಮ ಚಿರೇಕಲ್ಲಿನ ಮಣ್ಣಿನಷ್ಟು ನುಣುಪು ಹುಡಿ ಅದರಲ್ಲಿ ಇರುವುದಿಲ್ಲ. ಹಿಂಬದಿ ಚಕ್ರದ ಹಿಂದೆ ಡರ್ಟ್ ಡಿಫ್ಲೆಕ್ಟರ್ ಎಂಬ ಅಡ್ಡಪಟ್ಟಿ ಕಡ್ಡಾಯ. ಹಿಂದೆ ಬರುವವನ ಮುಖಕ್ಕೆ ಮಣ್ಣು ರಾಚುವುದನ್ನು ಅದು ಬಹಳಷ್ಟು ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಸಾಮಾನ್ಯವಾಗಿ ನಾಲ್ಕು ರೇಸಿಗೊಮ್ಮೆ ಟ್ರ್ಯಾಕ್ಟರ್ ಒಳಗಿಳಿಯುತ್ತದೆ. ತಿರುವಿನಲ್ಲಿ ಚಕ್ರಗಳು ಮಣ್ಣನ್ನೆಲ್ಲ ಹೊರ ಅಂಚಿಗೆ ಎಸೆದಿರುತ್ತವೆ, ಒಳಬದಿ ಬೋಳಾಗಿ ಜಾರುತ್ತಿರುತ್ತದೆ. ಆ ಮಣ್ಣನ್ನು ಒಳಗೆಳೆದು ಹರಡಿ, ತೆಳ್ಳಗೆ ನೀರು ಚಿಮುಕಿಸಿದರೆ ಟ್ರ್ಯಾಕಿಗೆ ಮತ್ತೆ ಜೀವ. ನಮ್ಮಲ್ಲಿ ಬಿಟ್ಟುಹೋಗುವುದು ಈ ಎಳೆಯುವ ಕೆಲಸವೇ. ಬೋಳು ನೆಲಕ್ಕೆ ಬರೀ ನೀರು ಹೊಡೆದರೆ ಧೂಳು ಅಡಗಬಹುದು, ಆದರೆ ಬೈಕ್ ಸೋಪಿನ ಮೇಲೆ ಹೋದಂತೆ ಜಾರುತ್ತದೆ. ಒಳಗಿನ ಒಂದೇ ಗೆರೆಯಲ್ಲಿ ಎಲ್ಲರೂ ಸಾಲಾಗಿ ಹೋಗುತ್ತಾರೆ, ಯಾರೂ ಯಾರನ್ನೂ ಹಿಂದೆ ಹಾಕಲಾರರು. ಮಧ್ಯಾಹ್ನದ ಮೇಲೆ ರೇಸು ಸಪ್ಪೆಯಾಯಿತು ಎಂದು ನಾಲ್ಕೈದು ಪತ್ರಗಳಲ್ಲಿದೆ. ಅದಕ್ಕೂ ಕಾರಣ ಇದೇ.

ಇನ್ನೊಂದು ದಾರಿ ವೇಳೆ ಬದಲಿಸುವುದು. ವಾಲಿಬಾಲ್, ಕಬಡ್ಡಿ ಎಲ್ಲ ಹೊನಲು ಬೆಳಕಿಗೆ ಹೋದ ಜಿಲ್ಲೆಯಲ್ಲಿ ಡರ್ಟ್ ರೇಸ್ ಮಾತ್ರ ನೆತ್ತಿ ಸುಡುವ ಹೊತ್ತಿಗೆ ಏಕೆ? 1923ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲ್ಯಾಂಡಿನಲ್ಲಿ, ಕೃಷಿ ಪ್ರದರ್ಶನದ ಮೈದಾನದಲ್ಲಿ, ವಿದ್ಯುತ್ ದೀಪದ ಕೆಳಗೇ ಸ್ಪೀಡ್‌ವೇ ಹೆಸರು ಮಾಡಿದ್ದು. ಸೂರ್ಯ ಇಳಿದ ಮೇಲೆ ಹೊಡೆದ ನೀರು ಬಹಳ ಹೊತ್ತು ನಿಲ್ಲುತ್ತದೆ.

ಸಮುದ್ರ ಪಕ್ಕದಲ್ಲೇ ಇದೆ. ಟ್ಯಾಂಕರಿಗೆ ದುಡ್ಡು ಸುರಿಯುವ ಬದಲು ಉಪ್ಪುನೀರು ಹೊಡೆದರೆ ಆಗದೇ? ಉಪ್ಪು ತೇವ ಹಿಡಿಯುತ್ತದೆ ಎನ್ನುತ್ತಾರೆ.
— ಓದುಗರು, ಅಂಕೋಲಾ

ತೇವ ಹಿಡಿಯುವುದು ನಿಜ. ಜಲ್ಲಿ ರಸ್ತೆಗಳ ಧೂಳು ಅಡಗಿಸಲು ಕ್ಯಾಲ್ಸಿಯಂ ಕ್ಲೋರೈಡ್ ಬಳಸುವುದು ಅದಕ್ಕೇ. ಆದರೆ ನೀವು ರೇಸ್ ಮಾಡುವುದು ಮುಂದಿನ ಮಳೆಗಾಲಕ್ಕೆ ಭತ್ತ ನಾಟಿ ಮಾಡುವ ಗದ್ದೆಯಲ್ಲಿ. ಉಪ್ಪು ಏರಿದ ನೆಲದಲ್ಲಿ ಸಸಿಯ ಎಲೆ ತುದಿಯಿಂದ ಸುಡುತ್ತಾ ಬರುತ್ತದೆ. ಅಘನಾಶಿನಿಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಕಗ್ಗ ಭತ್ತ ಬೆಳೆಯುತ್ತದಲ್ಲ ಎನ್ನಬೇಡಿ, ಉಪ್ಪು ತಡೆಯುವುದು ಆ ತಳಿಯ ಗುಣ, ಎಲ್ಲ ಭತ್ತದ್ದಲ್ಲ. ಬೈಕಿನ ಚೈನು, ಸ್ಪೋಕು, ವೈರಿಂಗ್ ಕನೆಕ್ಟರ್ ತುಕ್ಕು ಹಿಡಿಯುವುದು ಬೇರೆ. ಬೇಡ.

ಎಲ್ಲಿ ನಿಂತರೆ ರೇಸ್ ಚೆನ್ನಾಗಿ ಕಾಣುತ್ತದೆ? ಹೋದ ಸಲ ತಿರುವಿನ ಹೊರಗೆ ಬೇಲಿಗೆ ಒರಗಿ ನಿಂತೆವು. ಮೈಮೇಲೆ ಮಣ್ಣು, ಎದೆಯಲ್ಲಿ ಢವಢವ.
— ಓದುಗರು, ಕಾರವಾರ

ಆ ಢವಢವಕ್ಕೆ ಕಾರಣವಿದೆ, ಇನ್ನು ಮೇಲೆ ಅಲ್ಲಿ ನಿಲ್ಲಬೇಡಿ. ಜಾರುತ್ತಾ ತಿರುಗುವ ಬೈಕಿನ ಹಿಂಚಕ್ರಕ್ಕೆ ತಿರುವು ಮುಗಿಯುವ ಜಾಗದಲ್ಲಿ ಥಟ್ಟನೆ ಹಿಡಿತ ಸಿಕ್ಕಿಬಿಟ್ಟರೆ ಅದು ನೇರವಾಗಿ ಎದ್ದು ಹೊರಬದಿಯ ಬೇಲಿಗೆ ನುಗ್ಗುತ್ತದೆ. ಸ್ಪೀಡ್‌ವೇಯಲ್ಲಿ ದೊಡ್ಡ ಪೆಟ್ಟುಗಳು ಬೀಳುವುದು ಹೆಚ್ಚಾಗಿ ತಿರುವುಗಳಲ್ಲೇ. ದೊಡ್ಡ ಟ್ರ್ಯಾಕುಗಳು ಅಲ್ಲೆಲ್ಲ ಗಾಳಿ ತುಂಬಿದ ಬೇಲಿ ಹಾಕುವುದು ಅದಕ್ಕೆ.

ಇಲ್ಲಿ ನಮ್ಮ ಅಡಿಕೆ ದಬ್ಬೆಯ ಬೇಲಿಯ ವಿಷಯ ಹೇಳಲೇಬೇಕು. ಅಗ್ಗ, ಕೈಗೆ ಸಿಗುತ್ತದೆ, ಕಟ್ಟುವುದು ಸುಲಭ. ಆದರೆ ಬೈಕ್ ಬಡಿದಾಗ ದಬ್ಬೆ ಸಿಗಿದು ಮೊನೆಯಾಗುತ್ತದೆ. ಸವಾರನಿಗೂ ಅಪಾಯ, ಒರಗಿ ನಿಂತವರಿಗೂ ಅಪಾಯ. ದಬ್ಬೆ ಬೇಕೇ ಬೇಕೆಂದರೆ ಅದು ಜನರನ್ನು ತಡೆಯುವ ಹಿಂದಿನ ಸಾಲಿಗಿರಲಿ. ಟ್ರ್ಯಾಕಿನ ಅಂಚಿಗೆ ಹುಲ್ಲಿನ ಪೆಂಡಿ, ಹಳೇ ಟಯರು ಇಡಬೇಕು. ನಡುವೆ ತಿರುವಿನಲ್ಲಿ ಕನಿಷ್ಠ ಹತ್ತು ಹೆಜ್ಜೆ ಖಾಲಿ ಜಾಗ, ಅಲ್ಲಿ ಒಂದು ಮಗುವೂ ಇರಕೂಡದು. ಈ ಎರಡು ಸಾಲು ಇಲ್ಲದ ಕಡೆ ಎಷ್ಟು ಒಳ್ಳೆಯ ಸವಾರರು ಬಂದರೂ ನಾವು ಮಕ್ಕಳನ್ನು ಕರೆದುಕೊಂಡು ಹೋಗೆಂದು ಹೇಳುವುದಿಲ್ಲ.

ಒಳ್ಳೆಯ ಜಾಗ ಸ್ಟಾರ್ಟಿನಿಂದ ಮೊದಲ ತಿರುವಿನ ನಡುವಿನ ನೇರ ದಾರಿಯ ಬದಿ, ಸ್ವಲ್ಪ ಎತ್ತರದ ಏರಿಯ ಮೇಲೆ. ನಾಲ್ಕು ಸುತ್ತಿನ ರೇಸಿನಲ್ಲಿ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಇನ್ನು ಗಾಳಿ: ಕರಾವಳಿಯಲ್ಲಿ ಮಧ್ಯಾಹ್ನದ ಗಾಳಿ ಕಡಲಿನಿಂದ ಬರುವುದರಿಂದ ಟ್ರ್ಯಾಕಿನ ಪಡುವಣ ಬದಿ ನಿಂತರೆ ಧೂಳು ನಿಮ್ಮಿಂದ ಆಚೆ ಹೋಗುತ್ತದೆ, ಇಳಿಬಿಸಿಲೂ ಬೆನ್ನಿಗೆ. ಶಿರಸಿ, ಸಿದ್ದಾಪುರದ ಕಡೆ ಗಾಳಿಗೆ ಇಂಥ ನಿಯಮವಿಲ್ಲ. ಬಾವುಟ ಯಾವ ಕಡೆ ಹಾರುತ್ತದೆ ನೋಡಿ, ಎದುರು ಬದಿಗೆ ಹೋಗಿ.

ಮೊಬೈಲಿನಲ್ಲಿ ನೋಡಿದ ರೇಸಿನಲ್ಲಿ ಬಿದ್ದು ನರಳುತ್ತಿದ್ದವನನ್ನೇ ರೇಸಿನಿಂದ ಹೊರಗೆ ಹಾಕಿದರು. ಇದೆಂಥಾ ನ್ಯಾಯ ಮಾರಾಯ್ರೆ?
— ಓದುಗರು, ಶಿರಸಿ

ರೇಸ್ ನಿಲ್ಲಿಸಬೇಕಾಗಿ ಬಂದರೆ, ನಿಲ್ಲಲು ಕಾರಣನಾದವನನ್ನು ಬಿಟ್ಟು ಉಳಿದವರಿಗೆ ಮತ್ತೆ ಓಡಿಸುವುದು ಸ್ಪೀಡ್‌ವೇ ನಿಯಮ. ತಾನಾಗಿ ಬಿದ್ದು ಟ್ರ್ಯಾಕಿನಲ್ಲೇ ಉಳಿದವನು ಕಾರಣ ಆಗುತ್ತಾನೆ, ಪೆಟ್ಟಾಗಿದ್ದರೂ. ಬೇರೆಯವನು ತಳ್ಳಿ ಬೀಳಿಸಿದ್ದರೆ ತಳ್ಳಿದವನು ಹೊರಗೆ. ಬಿದ್ದವನು ಬೈಕ್ ಎತ್ತಿಕೊಂಡು ಬೇಗ ಬದಿಗೆ ಸರಿದರೆ ರೇಸ್ ನಿಲ್ಲುವುದೇ ಇಲ್ಲ, ಅವನಿಗೆ ಸೊನ್ನೆ ಅಷ್ಟೇ. ಮೊದಲ ತಿರುವಿನ ನೂಕುನುಗ್ಗಲಿನಲ್ಲಿ ತಪ್ಪು ಯಾರದೆಂದು ಹೇಳಲಾಗದಿದ್ದರೆ ರೆಫರಿ ನಾಲ್ವರನ್ನೂ ವಾಪಸ್ ಕರೆಯಬಹುದು. ಜಗಳ ಹುಟ್ಟುವುದೂ ಅಲ್ಲೇ, ಪೋಲೆಂಡಿನಲ್ಲೂ.

ಎರಡು ಗಂಟೆ ಕೂತರೆ ಹದಿನೈದು ನಿಮಿಷವೂ ರೇಸ್ ಇಲ್ಲ. ಉಳಿದ ಹೊತ್ತು ಏನು ಮಾಡುವುದು?
— ಓದುಗರು, ಹೊನ್ನಾವರ

ಲೆಕ್ಕ ಸರಿಯಾಗೇ ಇದೆ. ಸ್ಪೀಡ್‌ವೇಯ ಒಂದು ರೇಸ್ ಹೆಚ್ಚುಕಡಿಮೆ ಒಂದು ನಿಮಿಷ, ಇಂಗ್ಲೆಂಡಿನ ಲೀಗ್ ಪಂದ್ಯದಲ್ಲಿ 15 ರೇಸ್. ಆದರೂ ಅಲ್ಲಿಯ ಅಭಿಮಾನಿಗಳಿಗೆ ಬೇಸರ ಬಾರದಿರಲು ಕಾರಣ ಅವರ ಕೈಯಲ್ಲಿರುವ ಅಂಕಪಟ್ಟಿ. ರೇಸ್ ಮುಗಿದೊಡನೆ ಪೆನ್ನಿನಲ್ಲಿ ತುಂಬುತ್ತಾ ಹೋಗುತ್ತಾರೆ. ನಮ್ಮಲ್ಲಿ ಮೈಕಿನ ಕೂಗು ಅರ್ಥವಾಗುವುದೇ ಅಪರೂಪವಾದ್ದರಿಂದ ಇದು ಇನ್ನೂ ಬೇಕು.

ನೋಟ್‌ಬುಕ್ಕಿನ ಒಂದು ಹಾಳೆಯನ್ನು ಅಡ್ಡ ಹಿಡಿದು ಐದು ಕಾಲಂ ಎಳೆಯಿರಿ: ರೇಸಿನ ಸಂಖ್ಯೆ, ಸವಾರನ ನಂಬರ್, ಸ್ಟಾರ್ಟಿನಲ್ಲಿ ಒಳಗಿನಿಂದ ಎಷ್ಟನೆಯವನು, ಬಂದ ಸ್ಥಾನ, ಗೆದ್ದವನ ಸಮಯ. ಸಮಯಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಸಾಕು. ಸ್ಪೀಡ್‌ವೇ ಅಂಕ 3, 2, 1, 0. ಊರಿನ ರೇಸಿನಲ್ಲಿ ಆರು ಬೈಕ್ ಇದ್ದರೆ 5ರಿಂದ ಇಳಿಸುತ್ತಾ ಬನ್ನಿ. ಐದಾರು ರೇಸ್ ಆದ ಮೇಲೆ ಸವಾರನನ್ನು ಬಿಟ್ಟು ಸ್ಟಾರ್ಟಿನ ಜಾಗದ ಪ್ರಕಾರ ಅಂಕ ಕೂಡಿಸಿ ನೋಡಿ. ಶುರುವಿನಲ್ಲಿ ಒಳಗಿನವನಿಗೆ ಹೆಚ್ಚು ಬಿದ್ದಿರುವುದು ಸಹಜ, ಅವನಿಗೆ ದೂರ ಕಡಿಮೆ. ಮಣ್ಣು ಹೊರಗೆ ಸರಿದಂತೆ ಹೊರಗಿನವನ ಅಂಕ ಏರತೊಡಗಿದರೆ ಹಿಡಿತ ಆ ಕಡೆ ಹೋಗಿದೆ ಎಂದರ್ಥ. ಮುಂದಿನ ರೇಸಿನಲ್ಲಿ ಹೊರ ಗೆರೆ ಹಿಡಿಯುವ ಧೈರ್ಯ ಯಾರಿಗಿದೆ ಎಂದು ನೋಡುವುದೇ ಒಂದು ಮಜಾ. ಗೆದ್ದವರ ಸಮಯ ರೇಸಿನಿಂದ ರೇಸಿಗೆ ನಿಧಾನವಾಗುತ್ತಾ ಹೋದರೆ ಟ್ರ್ಯಾಕ್ ಕೆಡುತ್ತಿದೆ. ಆಗ ಸಂಘಟಕರ ಹತ್ತಿರ ಹೋಗಿ ಹಲಗೆ ಎಳೆಸಿ ಎಂದರೆ ನಿಮ್ಮ ಬಳಿ ಪುರಾವೆಯೂ ಇರುತ್ತದೆ.

ಹದಿನಾರು ಸವಾರರ ವೈಯಕ್ತಿಕ ಸ್ಪರ್ಧೆಯ ಪಟ್ಟಿ ಇನ್ನೂ ಸೊಗಸು: 20 ರೇಸ್, ಒಬ್ಬೊಬ್ಬರಿಗೆ ಐದು. ಪ್ರತಿಯೊಬ್ಬನೂ ಉಳಿದ ಹದಿನೈದು ಮಂದಿಯ ಜೊತೆ ಒಮ್ಮೆ ಮಾತ್ರ ಓಡುತ್ತಾನೆ. ಊರಿನ ರೇಸಿನವರು ಚೀಟಿ ಎತ್ತಿ ಹೀಟ್ (ಒಂದು ರೇಸಿನ ಗುಂಪು) ಮಾಡುವ ಬದಲು ಈ ಪಟ್ಟಿ ಹಿಡಿದರೆ ‘ನನಗೇ ಗಟ್ಟಿ ಹೀಟ್ ಬಂತು’ ಎಂಬ ಗೊಣಗಾಟ ನಿಲ್ಲುತ್ತದೆ.

ಬಾವುಟ ಇಳಿಯುವ ಮೊದಲೇ ಹಾರಿದವನಿಗೇ ಯಾವಾಗಲೂ ಬಹುಮಾನ. ಏನು ಮಾಡಬಹುದು?
— ಓದುಗರು, ಯಲ್ಲಾಪುರ

ಬಾವುಟ ಬಿಟ್ಟುಬಿಡಿ. ಬಾವುಟ ಹಿಡಿದವನ ಭುಜ ಅಲುಗುವುದನ್ನು ನೋಡಿಯೇ ಸವಾರರು ಕ್ಲಚ್ ಬಿಡುತ್ತಾರೆ. ಸ್ಪೀಡ್‌ವೇಯಲ್ಲಿ ಸಾಲಿನ ಮುಂದೆ ಟೇಪು ಕಟ್ಟಿರುತ್ತದೆ, ಬಿಟ್ಟರೆ ಸ್ಪ್ರಿಂಗಿನ ಬಲದಿಂದ ಮೇಲಕ್ಕೆ ಹಾರುತ್ತದೆ. ಮುಟ್ಟಿ ಹರಿದವನಿಗೆ ಶಿಕ್ಷೆ, ಹರಿದ ಟೇಪೇ ಸಾಕ್ಷಿ. ಇಲ್ಲಿ ಅಗಲ ಇಲಾಸ್ಟಿಕ್ ಪಟ್ಟಿಯನ್ನು ಎರಡು ಕಂಬದ ತುದಿಗೆ ಕಟ್ಟಿ, ನಡುವೆ ಎದೆಮಟ್ಟಕ್ಕೆ ಎಳೆದು ಕೊಕ್ಕೆಗೆ ಸಿಕ್ಕಿಸಿ, ಕೊಕ್ಕೆಯ ದಾರ ಸವಾರರ ಬೆನ್ನ ಹಿಂದೆ ಕುಳಿತವನ ಕೈಗೆ ಕೊಡಿ. 10 ಮೀಟರ್ ಅಗಲಕ್ಕೆ ಆರು ಬೈಕಿಗಿಂತ ಹೆಚ್ಚು ನಿಲ್ಲಿಸಬೇಡಿ. ಹನ್ನೆರಡು ನಿಲ್ಲಿಸಿದರೆ ಎಂಥ ಸ್ಟಾರ್ಟೂ ಕೆಡುತ್ತದೆ.

ಸ್ಪೀಡ್‌ವೇ ಬೈಕಿಗೆ ಬ್ರೇಕೇ ಇಲ್ಲವಂತೆ. ನಮ್ಮ ಹುಡುಗರೂ ಹಳೇ ಬೈಕಿನ ಬ್ರೇಕ್ ಬಿಚ್ಚಿ ಗದ್ದೆಗೆ ಇಳಿಯುವ ಮಾತಾಡುತ್ತಿದ್ದಾರೆ.
— ಓದುಗರು, ಭಟ್ಕಳ

ಬಿಚ್ಚಲು ಬಿಡಬೇಡಿ. ಸ್ಪೀಡ್‌ವೇ ಬೈಕ್ ಇಡಿಯಾಗಿ ಬೇರೆ ಯಂತ್ರ: 500 ಸಿಸಿಯ ಒಂಟಿ ಸಿಲಿಂಡರ್, ಇಂಧನ ಮೆಥನಾಲ್, ಒಂದೇ ಗೇರು, ತೂಕ ಕನಿಷ್ಠ 77 ಕಿಲೋ. ಎಡಗಾಲಿಗೆ ಉಕ್ಕಿನ ತಳ ಕಟ್ಟಿಕೊಂಡು ನೆಲಕ್ಕೆ ಊರುತ್ತಾರೆ. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಎಳೆದು ನಿಧಾನಿಸುತ್ತದೆ. ಎಲ್ಲರೂ ಒಂದೇ ದಿಕ್ಕಿಗೆ ಎಡಕ್ಕೆ ತಿರುಗುತ್ತಾರೆ, ಮುಂದಿನವನು ಹಠಾತ್ತನೆ ಬ್ರೇಕ್ ಹಾಕುವ ಭಯವಿಲ್ಲ. ಸವಾರ ಬಿದ್ದರೆ ಮಣಿಕಟ್ಟಿಗೆ ಕಟ್ಟಿದ ದಾರ ಕಿತ್ತು ಎಂಜಿನ್ ಬಂದ್. ಈ ಯಾವುದೂ ಇಲ್ಲದ ಬೈಕಿನಲ್ಲಿ ಬ್ರೇಕ್ ಬಿಚ್ಚುವುದು ಹುಚ್ಚು.

ಬಿಚ್ಚಬೇಕಾದದ್ದು ಕನ್ನಡಿ, ಇಂಡಿಕೇಟರ್, ಹೆಡ್‌ಲೈಟಿನ ಗಾಜು, ಸೈಡ್ ಸ್ಟ್ಯಾಂಡ್. ಸೇರಿಸಬೇಕಾದದ್ದು ಆ ಕಿಲ್ ಸ್ವಿಚ್ಚಿನ ದಾರ. ಮಾಮೂಲಿ ವಾಹನ ವಿಮೆ ರೇಸಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಹುಡುಗರ ಕಿವಿಗೆ ಹಾಕಿ.

ಐದು ವರ್ಷದ ಮಗನನ್ನು ಕರೆದೊಯ್ಯಬಹುದೇ? ಸದ್ದಿಗೆ ಹೆದರುತ್ತಾನೆ.
— ಓದುಗರು, ಸಿದ್ದಾಪುರ

ಹತ್ತಿ ತುರುಕಿದರೆ ಏನೂ ಉಪಯೋಗವಿಲ್ಲ. ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್ ಹಾಕಿ. ದೊಡ್ಡವರು ಫೋಮ್ ಪ್ಲಗ್ಗನ್ನು ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ತಳ್ಳಿ, ಉಬ್ಬುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಸ್ಟಾರ್ಟಿನಿಂದ ದೂರ ಕೂರಿಸಿ, ಮುರುಗಲ ಪಾನಕದ ಬಾಟಲಿ ಮುಚ್ಚಿಯೇ ಇಡಿ.

ವಿಶ್ವ ಚಾಂಪಿಯನ್‌ಷಿಪ್ ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ?
— ಓದುಗರು, ಕಾರವಾರ

1995ರಿಂದ ಗ್ರ್ಯಾನ್ ಪ್ರಿ ಸರಣಿಯಾಗಿ ನಡೆಯುತ್ತಿದೆ, ಹೆಚ್ಚಿನವು ಬೇಸಿಗೆಯ ಶನಿವಾರ ಸಂಜೆ. ಪೋಲೆಂಡಿನ ಬೇಸಿಗೆ ಸಮಯಕ್ಕೆ ಮೂರೂವರೆ ಗಂಟೆ ಕೂಡಿಸಿ: ಅಲ್ಲಿ ಸಂಜೆ 7 ಎಂದರೆ ಇಲ್ಲಿ ರಾತ್ರಿ 10.30. ಹಲವು ಸಲ ವಿಶ್ವ ಚಾಂಪಿಯನ್ ಆದ ಪೋಲೆಂಡಿನ ಸವಾರ ಬಾರ್ತೋಷ್ ಜ್ಮಾರ್ಜ್ಲಿಕ್ ಹೆಸರು ಕಂಡರೆ ಹೊರ ಗೆರೆ ಮೇಲೆ ಕಣ್ಣಿಡಿ. ಮಳೆಗಾಲದಲ್ಲಿ ಕರೆಂಟು ಹೋಗುವ ಊರಾದರೆ ಸಂಜೆಯೇ ಮೊಬೈಲ್ ಚಾರ್ಜ್ ಮಾಡಿಟ್ಟುಕೊಳ್ಳಿ.