ಸೆಮ್ಯಾಂಟಿಕ್ಸ್ ಪ್ರೂಫ್‌ಗಳನ್ನು ಪರೀಕ್ಷೆಯ ಮಟ್ಟಿಗೆ ಓದಿದರೆ ಸಾಲದೇ?

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಹ್ಯಾಸ್ಕೆಲ್ ಕಲಿಯಲೋ ಓಕ್ಯಾಮಲ್ ಕಲಿಯಲೋ, ಸೆಮ್ಯಾಂಟಿಕ್ಸ್ (ಪ್ರೋಗ್ರಾಂಗಳ ಅರ್ಥ ಹೇಳುವ ನಿಯಮಗಳು) ಪ್ರೂಫ್‌ಗಳನ್ನು ಪರೀಕ್ಷೆಯ ಮಟ್ಟಿಗೆ ನೋಡಿಕೊಂಡು ಇಂಟರ್‌ಪ್ರಿಟರ್ (ಪ್ರೋಗ್ರಾಂ ಓದಿ ಓಡಿಸುವ ತಂತ್ರಾಂಶ) ಬರೆಯುವುದಕ್ಕೇ ಸಮಯ ಕೊಡಲೋ ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿದ್ದೆ. ಒಂದು ಇಡೀ ಸೆಮಿಸ್ಟರ್ ಕಳೆದುಕೊಂಡೆ.

ಸ್ನಾತಕೋತ್ತರ ಓದಿಗೆ ಸೇರುವಾಗ ನನಗೆ ಐದು ಭಾಷೆ ಬರುತ್ತಿತ್ತು. ಪಾರ್ಸರ್ (ಕೋಡನ್ನು ಓದಿ ಅದರ ರಚನೆ ಬಿಡಿಸುವ ಭಾಗ) ಬರೆಯಲು ಕೂತರೆ ನಿದ್ದೆಯ ನೆನಪೂ ಆಗುತ್ತಿರಲಿಲ್ಲ. ಕೊನೆಯ ಪ್ರಾಜೆಕ್ಟ್‌ಗೆ ಸ್ವಂತದ್ದೊಂದು ಪುಟ್ಟ ಭಾಷೆ ಕಟ್ಟಬೇಕಿತ್ತು: ಟೈಪ್ ಚೆಕರ್ (ಯಾವ ಬೆಲೆ ಯಾವ ಬಗೆಯದು ಅಂತ ಓಡಿಸುವ ಮುಂಚೆಯೇ ಪರೀಕ್ಷಿಸುವ ಭಾಗ), ಇಂಟರ್‌ಪ್ರಿಟರ್, ಜೊತೆಗೆ ಟೈಪ್ ಸೌಂಡ್‌ನೆಸ್ ಪ್ರೂಫ್. ಅಂದರೆ ಚೆಕರ್ ಒಪ್ಪಿಕೊಂಡ ಪ್ರೋಗ್ರಾಂ ಓಡುವಾಗ ಸಂಖ್ಯೆ ಇರಬೇಕಾದ ಕಡೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಬಂದು ಸಿಕ್ಕಿಹಾಕಿಕೊಳ್ಳುವುದಿಲ್ಲ ಅಂತ ತೋರಿಸುವುದು. ಸಂಶೋಧಕರಾದ ರೈಟ್ ಮತ್ತು ಫೆಲೈಸನ್ 1994ರಲ್ಲಿ ಹಾಕಿಕೊಟ್ಟ ದಾರಿಯನ್ನೇ ಇವತ್ತಿಗೂ ಹೆಚ್ಚಿನ ಕಡೆ ಕಲಿಸುತ್ತಾರೆ, ನಿಮಗೂ ಅದೇ ಬರುತ್ತದೆ. ನಾನು ಇಂಟರ್‌ಪ್ರಿಟರ್ ಮೊದಲು ಮುಗಿಸಿದೆ. ಪ್ರೂಫ್ ಕೊನೆಯ ವಾರಕ್ಕೆ ಉಳಿಯಿತು.

ತಪ್ಪು ಆಗಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಬೇರೆಯವರ ಕೋಡ್‌ನಲ್ಲೂ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಾಲ್ಕು ಸಾಲಿನ ಪ್ರೋಗ್ರಾಂ ಒಂದನ್ನು ಊಹಿಸಿಕೊಳ್ಳಿ. ಮೊದಲ ಸಾಲಿನಲ್ಲಿ ‘ದರ’ ಅಂದರೆ 10. ಎರಡನೆಯದರಲ್ಲಿ ‘ಲೆಕ್ಕ’ ಎಂಬ ಫಂಕ್ಷನ್; ಕೊಟ್ಟ ಸಂಖ್ಯೆಯನ್ನು ‘ದರ’ದಿಂದ ಗುಣಿಸುತ್ತದೆ. ಮೂರನೆಯದರಲ್ಲಿ ಒಂದು ಒಳ ಬ್ಲಾಕ್ ಶುರುವಾಗಿ ಅಲ್ಲಿ ಅದೇ ಹೆಸರಿನ ಹೊಸ ‘ದರ’ ಹುಟ್ಟುತ್ತದೆ, ಅದರ ಬೆಲೆ "ದುಬಾರಿ" ಎಂಬ ಸ್ಟ್ರಿಂಗ್. ನಾಲ್ಕನೆಯ ಸಾಲು ಆ ಬ್ಲಾಕ್ ಒಳಗಿನಿಂದಲೇ ಲೆಕ್ಕ(5) ಅಂತ ಕರೆಯುತ್ತದೆ. ಉತ್ತರ 50 ಬರಬೇಕು, ಏಕೆಂದರೆ ಫಂಕ್ಷನ್ ಹುಟ್ಟಿದ ಜಾಗದಲ್ಲಿ ‘ದರ’ 10 ಆಗಿತ್ತು. ಅದಕ್ಕೆ ಫಂಕ್ಷನ್ನಿನ ಜೊತೆ ಅದು ಹುಟ್ಟಿದಾಗಿನ ಎನ್ವಿರಾನ್‌ಮೆಂಟನ್ನೂ, ಅಂದರೆ ಯಾವ ಹೆಸರಿಗೆ ಯಾವ ಬೆಲೆ ಎಂಬ ಪಟ್ಟಿಯನ್ನೂ, ಕಟ್ಟಿಡಬೇಕು. ಕಂಪ್ಯೂಟರ್ ವಿಜ್ಞಾನಿ ಪೀಟರ್ ಲ್ಯಾಂಡಿನ್ 1964ರಲ್ಲಿ ಕ್ಲೋಶರ್ ಅಂತ ಹೆಸರಿಟ್ಟದ್ದು ಇದಕ್ಕೇ. ನಾನು ಬರೀ ಪ್ಯಾರಾಮೀಟರ್ ಮತ್ತು ಬಾಡಿ ಇಟ್ಟುಕೊಂಡಿದ್ದೆ. ಕರೆದಾಗ, ಕರೆದವರ ಎನ್ವಿರಾನ್‌ಮೆಂಟ್‌ನಲ್ಲೇ ಬಾಡಿ ಓಡುತ್ತಿತ್ತು. ಹಾಗಾಗಿ ನನ್ನ ಇಂಟರ್‌ಪ್ರಿಟರ್ "ದುಬಾರಿ"ಯನ್ನು 5ರಿಂದ ಗುಣಿಸಲು ಹೋಗುತ್ತಿತ್ತು. ಟೈಪ್ ಚೆಕರ್ ಮಾತ್ರ ಫಂಕ್ಷನ್ ಬರೆದ ಜಾಗವನ್ನು ನೋಡಿ, ಎಲ್ಲ ಸರಿ ಇದೆ ಅನ್ನುತ್ತಿತ್ತು. 200ಕ್ಕೂ ಹೆಚ್ಚು ಟೆಸ್ಟ್‌ಗಳು ಪಾಸಾಗಿದ್ದವು. ಒಂದೇ ಹೆಸರನ್ನು ಎರಡು ಕಡೆ ಬಳಸಿದ ಟೆಸ್ಟ್ ಅದರಲ್ಲಿ ಒಂದೂ ಇರಲಿಲ್ಲ.

ಈ ಬಗ್ ಯಾರಿಗಾದರೂ ಆಗಬಹುದಾದದ್ದು. 1960ರ ಲಿಸ್ಪ್ ಭಾಷೆಯಲ್ಲೇ ಇತ್ತು, ಆ ಭಾಷೆ ಕಟ್ಟಿದ ಮೆಕಾರ್ಥಿ ಅದನ್ನು ಬಗ್ ಎಂದೇ ಭಾವಿಸಿದ್ದರು. 1975ರಲ್ಲಿ ಲಿಸ್ಪ್‌ನಿಂದ ಹುಟ್ಟಿದ ಸ್ಕೀಮ್ ಭಾಷೆ ಬಂದಾಗ ಲಿಸ್ಪ್ ವಂಶದೊಳಗೆ ಲೆಕ್ಸಿಕಲ್ ಸ್ಕೋಪ್ (ಹೆಸರಿನ ಅರ್ಥವನ್ನು ಫಂಕ್ಷನ್ ಬರೆದ ಜಾಗದಿಂದ ತಿಳಿಯುವುದು) ಗಟ್ಟಿಯಾಗಿ ನೆಲೆಯೂರಿತು. ನನಗೆ ಸೆಮಿಸ್ಟರ್ ಕಳೆದದ್ದು ಈ ಬಗ್‌ನಿಂದಲ್ಲ. ಕೊನೆಯ ವಾರ ಪ್ರೂಫ್ ಬರೆಯುವಾಗ ಫಂಕ್ಷನ್ ಕರೆಯುವ ಕೇಸಿಗೆ ಬಂದು ನಿಂತೆ. ಬಾಡಿಗೆ ಟೈಪ್ ಸಿಕ್ಕಿರುವುದು ಒಂದು ಎನ್ವಿರಾನ್‌ಮೆಂಟ್‌ನಲ್ಲಿ, ನನ್ನ ನಿಯಮ ಅದನ್ನು ಓಡಿಸುವುದು ಇನ್ನೊಂದರಲ್ಲಿ. ಇಂಡಕ್ಷನ್ ಹೈಪಾಥಿಸಿಸ್ (ಚಿಕ್ಕ ಭಾಗಗಳಿಗೆ ಈ ಮಾತು ನಿಜ ಎಂದು ಇಟ್ಟುಕೊಳ್ಳುವ ಊಹೆ) ಕೂರಲೇ ಇಲ್ಲ. ಎರಡು ರಾತ್ರಿ ಒದ್ದಾಡಿದೆ. ಮೂರನೆಯ ರಾತ್ರಿ ಒಂದು ಸಾಲು ಸೇರಿಸಿದೆ: "ಎರಡೂ ಎನ್ವಿರಾನ್‌ಮೆಂಟ್‌ಗಳು ಒಂದಕ್ಕೊಂದು ಹೊಂದುತ್ತವೆ ಎಂದಿಟ್ಟುಕೊಳ್ಳೋಣ." ಪ್ರೂಫ್ ಮುಗಿಯಿತು. ಬಗ್ ಯಾವ ಸಾಲಿನಲ್ಲಿದೆ ಎಂದು ಪ್ರೂಫ್ ಬೆರಳಿಟ್ಟು ತೋರಿಸುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದೆ.

ವೈವಾದಲ್ಲಿ ಮೇಡಂ ಆ ಸಾಲನ್ನು ಓದಿ, ಬೋರ್ಡ್ ಮೇಲೆ ನಾಲ್ಕು ಸಾಲು ಬರೆದು ಓಡಿಸಿ ತೋರಿಸಿ ಅಂದರು. ಓಡಿಸಿದೆ. ಕ್ರ್ಯಾಶ್ ಆಯಿತು. ಕ್ಲೋಶರ್ ಸೇರಿಸುವುದು ಹತ್ತು ನಿಮಿಷದ ಕೆಲಸ. ಆದರೆ ಆ ತಪ್ಪು ಅರ್ಥವನ್ನೇ ನಂಬಿ ಆಪ್ಟಿಮೈಸರ್ (ಪ್ರೋಗ್ರಾಂ ಬೇಗ ಓಡುವಂತೆ ಮಾಡುವ ಭಾಗ) ಕಟ್ಟಿದ್ದೆ, ವರದಿ ಬರೆದಿದ್ದೆ. ಎಲ್ಲವನ್ನೂ ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಮಾಡಿದೆ. ಅಷ್ಟರಲ್ಲಿ ನನಗೆಂದು ಇಟ್ಟಿದ್ದ ರಿಸರ್ಚ್ ಅಸಿಸ್ಟೆಂಟ್ ಜಾಗ ಬೇರೆಯವರಿಗೆ ಹೋಗಿತ್ತು.

ಅದಕ್ಕೇ ಪ್ರೂಫ್ ಒಂದು ಕಡೆ, ಪ್ರಾಜೆಕ್ಟ್ ಒಂದು ಕಡೆ ಎನ್ನುವ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಭಾಷೆ ಕಟ್ಟುವುದೆಂದರೆ ನಿಯಮ ಬರೆಯುವುದು. ಪಾರ್ಸರ್ ಅದರ ಹೊರಬಾಗಿಲು ಅಷ್ಟೇ. ಜಾವಾವನ್ನೇ ನೋಡಿ. ಸ್ಟ್ರಿಂಗ್‌ಗಳ ಅರೇಯನ್ನು (ಬೆಲೆಗಳ ಸಾಲನ್ನು) ಯಾವ ಬಗೆಯ ಆಬ್ಜೆಕ್ಟ್‌ಗಳಾದರೂ ಇರಬಹುದಾದ ಅರೇ ಅಂತ ನೋಡಲು ಕಂಪೈಲರ್ ಬಿಡುತ್ತದೆ, ಅದಕ್ಕೊಂದು ಸಂಖ್ಯೆ ತುಂಬಿದರೂ ಸುಮ್ಮನಿರುತ್ತದೆ, ಎಕ್ಸೆಪ್ಶನ್ (ತಪ್ಪಿನ ಸೂಚನೆ) ಬರುವುದು ಓಡುವಾಗ. ಆ ವಿನ್ಯಾಸಕ್ಕೆ ತೆತ್ತ ಬೆಲೆ ಏನು ಅಂತ, ಪ್ರೂಫ್ ಬರೆಯಲು ಕೂತರೆ, ಕಾಗದದ ಮೇಲೆ ಅರ್ಧ ಪುಟದಲ್ಲಿ ಕಾಣುತ್ತದೆ.

ಹ್ಯಾಸ್ಕೆಲ್ಲೋ ಓಕ್ಯಾಮಲ್ಲೋ, ನಿಮ್ಮ ಮೇಷ್ಟ್ರು ಯಾವುದನ್ನು ಬಳಸುತ್ತಾರೋ ಅದನ್ನೇ ಕಲಿಯಿರಿ, ಈ ಪ್ರಶ್ನೆಗೆ ಇನ್ನೊಂದು ದಿನವನ್ನೂ ಕೊಡಬೇಡಿ. ಕೋಡ್‌ಗೆ ಮುಂಚೆ ಹತ್ತು ನಿಯಮಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಒಂದೊಂದು ನಿಯಮ ಸೇರಿಸಿದ ದಿನವೇ ಪ್ರೂಫ್‌ನಲ್ಲಿ ಅದರ ಕೇಸನ್ನು ಸಾಧಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಊಹೆ ಸೇರಿಸುವ ಮುಂಚೆ ಆ ಊಹೆಯನ್ನು ಮುರಿಯುವ ಪ್ರೋಗ್ರಾಂ ಹುಡುಕಿ. ನೀವು ಈಗಾಗಲೇ ಬರೆದಿರುವ ಇಂಟರ್‌ಪ್ರಿಟರ್‌ಗೆ ಮೇಲಿನ ನಾಲ್ಕು ಸಾಲು ಕೊಟ್ಟು ನೋಡಿ. 50 ಬರದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಎಲ್ಲಿ ತಪ್ಪಿದೆ ಅಂತ ಒಟ್ಟಿಗೆ ನೋಡೋಣ.