ಸ್ಕ್ಯಾನರ್‌ನಲ್ಲಿ ಪೊಲೀಸರ ಮಾತು ಕೇಳಬಹುದೇ?

ಪ್ರಶ್ನೆ: ಅಮೆರಿಕದಿಂದ ಬಂದ ಭಾವ ನನಗೊಂದು ರೇಡಿಯೊ ಸ್ಕ್ಯಾನರ್ ಕೊಟ್ಟಿದ್ದಾರೆ. ಮಳೆಗೆ ಲೋಕಲ್ ರೈಲುಗಳು ನಿಂತಾಗ ಅದರಲ್ಲಿ ರೈಲ್ವೆಯವರ ಮತ್ತು ಪೊಲೀಸರ ಸಂದೇಶಗಳನ್ನು ಕೇಳಬಹುದೇ?
— ಓದುಗರೊಬ್ಬರು, ಡೊಂಬಿವಲಿ, ಮುಂಬಯಿ

ಉತ್ತರ: ದಯವಿಟ್ಟು ಆ ಕೆಲಸಕ್ಕೆ ಇಳಿಯಬೇಡಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಮನೆಯಲ್ಲಿ ಕುಳಿತು ಇಂತಹ ಸಂಭಾಷಣೆ ಕೇಳುವುದಕ್ಕೆ ಅಡ್ಡಿಯಿಲ್ಲವಾದರೂ, ನಮ್ಮ 2023ರ ದೂರಸಂಪರ್ಕ ಕಾಯ್ದೆಯ 42ನೆಯ ಕಲಮಿನ ಪ್ರಕಾರ ಸಂದೇಶಗಳನ್ನು ಅಕ್ರಮವಾಗಿ ಕದ್ದಾಲಿಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ, 2 ಕೋಟಿ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ರೈಲುಗಳ ಸ್ಥಿತಿ ತಿಳಿಯಲು ಮಧ್ಯ ರೈಲ್ವೆಯ ಅಧಿಕೃತ ಪ್ರಕಟಣೆಗಳು ಸಾಕು.

ಆದರೆ ಗಾಳಿಯಲ್ಲಿ ತೇಲಿ ಬರುವ ದನಿಯ ಮೇಲಿನ ನಿಮ್ಮ ಕುತೂಹಲವನ್ನು ಕೈಬಿಡಬೇಕಾಗಿಲ್ಲ. 12 ವರ್ಷ ತುಂಬಿದ ಯಾರೇ ಆದರೂ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ಪರೀಕ್ಷೆಗೆ ಕುಳಿತು, ಉತ್ತೀರ್ಣರಾದ ಮೇಲೆ ಪರವಾನಗಿ ಪಡೆದು, ದೇಶವಿದೇಶಗಳ ಹವ್ಯಾಸಿಗಳೊಡನೆ ನೇರವಾಗಿ ಮಾತನಾಡಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ನಮ್ಮ ಆಕಾಶವನ್ನು ಹಾದುಹೋಗುವ ಕೆಲವೇ ನಿಮಿಷಗಳಲ್ಲಿ, 145.800 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಗಗನಯಾತ್ರಿಗಳು ಶಾಲಾ ಮಕ್ಕಳೊಡನೆ ಆಡುವ ಮಾತು ಕೆಲವೊಮ್ಮೆ ಕೇಳಸಿಗುತ್ತದೆ. ನನ್ನ ಮಟ್ಟಿಗೆ ಅದರ ರೋಮಾಂಚನಕ್ಕೆ ಸಾಟಿಯಿಲ್ಲ.