ಅತ್ತೆಯ ಆರೋಪದ ಹಿಂದಿರುವುದು ಮುಪ್ಪೋ, ಕಾಯಿಲೆಯೋ?

ಪ್ರಶ್ನೆ: ನಮ್ಮ ಅತ್ತೆಗೆ 72 ವರ್ಷ, ನಿವೃತ್ತ ಶಿಕ್ಷಕಿ. ಬಹುಕಾಲದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಒಂದು ವರ್ಷದಿಂದ ಕೇಳಿದ್ದನ್ನೇ ಕೇಳುತ್ತಾರೆ, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ಕಳೆದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಇನ್ನಷ್ಟು ಮಂಕಾಗಿದ್ದಾರೆ. ಈಗ ನಾನು ಅವರ ಬಳೆ ಕದ್ದು ತವರಿಗೆ ಸಾಗಿಸಿದೆನೆಂದು ನಾದಿನಿಗೆ ಫೋನ್ ಮಾಡಿ ಹೇಳಿದ್ದಾರೆ. ಬಳೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿದರೂ ನಾದಿನಿ ನನ್ನೊಡನೆ ಮಾತು ಬಿಟ್ಟಿದ್ದಾರೆ. ಯಜಮಾನರು ‘ವಯಸ್ಸಾಯಿತು, ಅರಳುಮರಳು’ ಎಂದು ಸುಮ್ಮನಿದ್ದಾರೆ. ಬೇರೆ ಮನೆ ಮಾಡುವುದೇ ಸರಿಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇರೆ ಮನೆಯ ವಿಚಾರ ಆಮೇಲಿರಲಿ, ಬಿದ್ದ ಮೇಲೆ ಮಂಕು ಹೆಚ್ಚಿತೆಂದು ಬರೆದಿದ್ದೀರಲ್ಲ, ಅದನ್ನು ಈ ವಾರವೇ ವೈದ್ಯರಿಗೆ ತೋರಿಸಬೇಕು. ವಯಸ್ಸಾದವರಲ್ಲಿ ತಲೆಗೆ ಬಿದ್ದ ಸಣ್ಣ ಪೆಟ್ಟಿನಿಂದಲೂ ಮಿದುಳಿನ ಹೊರಪದರದ ಕೆಳಗೆ ರಕ್ತ ನಿಧಾನವಾಗಿ ಒಸರಿ, ವಾರಗಳ ನಂತರ ಗೊಂದಲ, ಮರೆವು, ತೂಕಡಿಕೆಯಾಗಿ ಕಾಣಿಸಿಕೊಳ್ಳಬಹುದು. ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ತಿಳಿಯುತ್ತದೆ, ಸಕಾಲದಲ್ಲಿ ಚಿಕಿತ್ಸೆಯೂ ಇದೆ. ತೂಕಡಿಕೆ ಹೆಚ್ಚಿದರೆ, ವಾಂತಿಯಾದರೆ, ಕೈಕಾಲು ಸೋತರೆ ಒಂದು ದಿನವೂ ಕಾಯಬೇಡಿ.

ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪುವುದಿಲ್ಲ. ಹೆಸರು ಥಟ್ಟನೆ ನೆನಪಾಗದಿರುವುದು ವಯಸ್ಸಿನ ಗುಣವಾಗಿರಬಹುದು, ಆದರೆ ದಿನನಿತ್ಯದ ಅಡುಗೆಯೇ ಕೈತಪ್ಪುವುದು ಹಾಗಲ್ಲ. ಡಿಮೆನ್ಷಿಯಾ ಎನ್ನುವುದು ಒಂದೇ ಕಾಯಿಲೆಯಲ್ಲ. ನೆನಪು, ವಿವೇಚನೆ, ಮಾತು, ವರ್ತನೆಗಳು ದಿನದ ಬದುಕಿಗೆ ತೊಡಕಾಗುವಷ್ಟು ಕುಂದಿದ ಸ್ಥಿತಿ ಅದು, ಮತ್ತು ಅದಕ್ಕೆ ಕಾರಣಗಳು ಹಲವು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶೇ. 60ರಿಂದ 70ರಷ್ಟು ಪ್ರಕರಣಗಳಲ್ಲಿ ಆಲ್‌ಝೈಮರ್ ಕಾಯಿಲೆಯ ಪಾತ್ರವಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಮೊದಲು ಅಳಿಸುವುದು ಇತ್ತೀಚಿನ ನೆನಪು: ನಲವತ್ತು ವರ್ಷ ಹಿಂದಿನ ಶಾಲೆಯ ಮಕ್ಕಳ ಹೆಸರು ಹೇಳಬಲ್ಲವರಿಗೆ ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರುವುದಿಲ್ಲ. ಮಿದುಳಿನ ರಕ್ತನಾಳಗಳು ಹಾಳಾಗಿ ಬರುವ ಬಗೆ ಇನ್ನೊಂದು, ಬಿ.ಪಿ., ಸಕ್ಕರೆ ಇರುವವರಿಗೆ ಅದರ ಅಪಾಯ ಹೆಚ್ಚು. ಇಲ್ಲದ ಮನುಷ್ಯರು ಕಾಣುವುದು, ನಡಿಗೆ ಬಿಗಿಯಾಗುವುದು ಇದ್ದರೆ ಲೂಯಿ ಬಾಡಿ ಎಂಬ ಬಗೆಯ ಅನುಮಾನ ಬರುತ್ತದೆ. ಎರಡು ಬಗೆ ಒಬ್ಬರಲ್ಲೇ ಸೇರಿಕೊಂಡಿರುವುದೂ ಉಂಟು.

ಇವು ಪೂರ್ಣ ವಾಸಿಯಾಗುವಂಥವಲ್ಲ. ಆದರೆ ಡಿಮೆನ್ಷಿಯಾದಂತೆಯೇ ಕಾಣುವ, ಸರಿಪಡಿಸಬಹುದಾದ ಕಾರಣಗಳೂ ಇವೆ, ಮತ್ತು ನಿಮ್ಮ ಅತ್ತೆಯ ವಿಷಯದಲ್ಲಿ ನನ್ನ ಗಮನ ಅತ್ತಲೇ ಹೋಗುತ್ತದೆ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಸಸ್ಯಾಹಾರಿಗಳಾದರೆ ಇನ್ನೂ ಹೆಚ್ಚು. ಥೈರಾಯ್ಡ್ ಕುಂದುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಸಕ್ಕರೆ ಪದೇ ಪದೇ ತೀರಾ ಕೆಳಗಿಳಿಯುವುದು, ಮೂತ್ರದ ಸೋಂಕು, ಖಿನ್ನತೆ, ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ನಿದ್ರೆಯ ಅಥವಾ ನೆಗಡಿಯ ಮಾತ್ರೆ, ಯಾವುದೂ ಮಂಕು ಕವಿಸಬಲ್ಲದು. ಆದ್ದರಿಂದ ನರರೋಗ ತಜ್ಞರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಶೀಟುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಯಾವ ಬದಲಾವಣೆ ಯಾವ ತಿಂಗಳಲ್ಲಿ ಶುರುವಾಯಿತೆಂದು ಬರೆದುಕೊಂಡಿರಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಇನ್ನು ಬಳೆಯ ವಿಷಯ. ಜೋಪಾನವಾಗಿರಲೆಂದು ತಾವೇ ಬಚ್ಚಿಟ್ಟು, ಬಚ್ಚಿಟ್ಟದ್ದೇ ಮರೆತುಹೋದಾಗ, ಯಾರೋ ತೆಗೆದಿದ್ದಾರೆ ಎಂಬುದೊಂದೇ ಅವರಿಗೆ ತೋಚುವ ವಿವರಣೆ. ಆ ‘ಯಾರೋ’ ಸಾಮಾನ್ಯವಾಗಿ ಹಗಲಿರುಳು ಜೊತೆಗಿದ್ದು ನೋಡಿಕೊಳ್ಳುವವರೇ ಆಗಿರುತ್ತಾರೆ. ‘ನಾನು ಕದ್ದಿಲ್ಲ’ ಎಂದು ವಾದಿಸಿ ಗೆಲ್ಲಲಾಗದು. ‘ಬನ್ನಿ ಅತ್ತೆ, ಇಬ್ಬರೂ ಹುಡುಕೋಣ’ ಎನ್ನಿ, ಸಿಕ್ಕ ಮೇಲೆ ‘ನೋಡಿದಿರಾ’ ಎಂದು ಚುಚ್ಚಬೇಡಿ. ಚಿನ್ನವನ್ನು ನಿಮ್ಮ ಯಜಮಾನರು ಮತ್ತು ನಾದಿನಿ ಇಬ್ಬರೂ ಸೇರಿ ಪಟ್ಟಿ ಮಾಡಿ ಲಾಕರಿಗೆ ಇಡಲಿ. ನೀವು ಆ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ನಾದಿನಿಗೆ ಸಮಜಾಯಿಷಿ ಕೊಡುತ್ತಾ ಕೂರಬೇಡಿ. ತಪಾಸಣೆಯ ದಿನ ತಾಯಿಯ ಜೊತೆ ಅವರೂ ಬರುವಂತೆ ಯಜಮಾನರಿಂದ ಹೇಳಿಸಿ. ವೈದ್ಯರ ಬಾಯಿಂದ ಕೇಳಿದರೆ ಅವರ ನಿಲುವು ಬದಲಾಗಬಹುದು. ಅನಂತರ ಹತ್ತು ದಿನ ಅವರೇ ಬಂದು ತಾಯಿಯೊಡನಿರಲಿ, ಆ ಹೊತ್ತಿನಲ್ಲಿ ನೀವು ತವರಿಗೆ ಹೋಗಿ ಬನ್ನಿ. ಮನಸ್ಸು ತೀರಾ ಭಾರವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೇರೆ ಮನೆಯ ತೀರ್ಮಾನವನ್ನು ತಪಾಸಣೆಯ ವರದಿಗಳು ಕೈಸೇರುವವರೆಗೆ ಮುಂದೂಡಿ. ಕಾರಣ ಬಿ12 ಕೊರತೆಯೋ ಆಲ್‌ಝೈಮರ್ ಕಾಯಿಲೆಯೋ ಎಂಬುದರ ಮೇಲೆ ಮುಂದಿನ ವ್ಯವಸ್ಥೆಯೇ ಬೇರೆಯಾಗುತ್ತದೆ.